ಲಕ್ಕಮ್ಮನ ಕೈತುತ್ತು

ಯಾರಾದರೂ ಹೊಗಳಿದರೆ ಲಕ್ಕಮ್ಮನಿಗೆ ಸಿಟ್ಟು ಬರುತ್ತಿತ್ತು. ಬೇಲೂರು, ಹಳೇಬೀಡು ನೋಡಿಕೊಂಡು ಹಿಂದಿರುಗುವ ಪುಣ್ಯವಂತರು ಅರಸೀಕೆರೆಯ ಹೊರವಲಯದ ವೃದ್ಧಾಶ್ರಮದ ಮುಂದೆ ಕಾರು ನಿಲ್ಲಿಸಿ, ಬಾಳೆಹಣ್ಣು ಹಂಚಿ, ಆಯಾ ಕೆಲಸದ ಈ ಹೆಂಗಸು ಮುದುಕರ ಮೈ ಒರೆಸುವುದನ್ನು ಕಂಡು ಕಣ್ಣು ತುಂಬಿಕೊಂಡು, "ನೀವು ಸಾಕ್ಷಾತ್ ದೇವರು ಕಣಮ್ಮ" ಎಂದರೆ, ಆಕೆ ತಲೆಯನ್ನೂ ಎತ್ತದೆ ಹೇಳುತ್ತಿದ್ದಳು: "ದೇವ್ರಾಗಿದ್ರೆ ಹೊತ್ತೊತ್ತಿಗೆ ಎಡೆ ಇಡೋರು. ನಾನು ಸಂಬಳಕ್ಕಿರೋಳು."

ಆಶ್ರಮದ ಮೇಲ್ವಿಚಾರಕಿ ಯದುಗಿರಿಗೆ ಆಗ ಮುಖ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಬೇಲೂರಿನ ದೇವಸ್ಥಾನದ ಕೈಂಕರ್ಯದ ಮನೆತನದಲ್ಲಿ ಮೃದುಮಾತಿನ ನಡುವೆ ಬೆಳೆದ ಆಕೆಗೆ ಲಕ್ಕಮ್ಮ ಮೊದಮೊದಲು ಒರಟು ಹೆಂಗಸಾಗಿಯೇ ಕಂಡಿದ್ದಳು. ಜಡವಾದ ದೇಹಗಳನ್ನು ವರ್ಷಗಟ್ಟಲೆ ಎತ್ತಿ ಎತ್ತಿ ಬಲಭುಜ ಇಳಿಬಿದ್ದು ಒಂದು ಪಕ್ಕಕ್ಕೆ ವಾಲಿದ ನಡಿಗೆ. ಸೀರೆಯ ಮೇಲೊಂದು ಗಂಡಸರ ತುಂಬುತೋಳಿನ ಅಂಗಿ, ಅದರ ಜೇಬಿನಲ್ಲಿ ಉಗುರು ಕತ್ತರಿಸುವ ಸಾಧನ, ಹಲ್ಲು ಮುರಿದ ಬಾಚಣಿಗೆ, ವಿಭೂತಿಯ ತುಂಡು. ಆದರೆ ಸ್ನಾನ ಮಾಡಿಸುವಾಗ, ಪ್ರಜ್ಞೆಯೇ ಇಲ್ಲದವರನ್ನೂ, "ನೀರು ಹುಯ್ಲಾ ಯಜಮಾನ್ರೇ?" ಎಂದು ಕೇಳಿ, ಒಂದು ಗಳಿಗೆ ಕಾದು, ಆಮೇಲೆ ಚೊಂಬು ಎತ್ತುವವಳು ಅವಳೊಬ್ಬಳೇ ಎಂಬುದನ್ನು ಗಮನಿಸಿದ ದಿನ ಯದುಗಿರಿಯ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು.

ಗಿಡ್ಡಯ್ಯನ ಸಂಗತಿ ಇನ್ನೂ ವಿಚಿತ್ರ. ಬಾಣಾವರದ ನಿಲ್ದಾಣದಲ್ಲಿ ಯಾವುದೋ ರೈಲು ಇಳಿಸಿಹೋದ, ಮಾತು ಬಿದ್ದುಹೋದ ಮುದುಕ. ಗಿಡ್ಡಯ್ಯನೆಂಬ ಹೆಸರೂ ಲಕ್ಕಮ್ಮ ಇಟ್ಟದ್ದೇ. ಅವನು ಅವಳ ಕೈಯಿಂದಲ್ಲದೆ ಉಣ್ಣುತ್ತಿರಲಿಲ್ಲ. ತಂಗಿ ತೀರಿಕೊಂಡಳೆಂದು ಅವಳು ಜಾವಗಲ್ಲಿಗೆ ಹೋದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದವನು, ಅವಳು ಹಿಂದಿರುಗುವವರೆಗೆ ತುತ್ತು ಮುಟ್ಟಲಿಲ್ಲ.

ಆಶ್ರಮವನ್ನು ಸರ್ಕಾರದ ಗುತ್ತಿಗೆಯಲ್ಲಿ ನಡೆಸುತ್ತಿದ್ದುದು ಒಂದು ಸೇವಾಸಂಸ್ಥೆ. ಕೆಲಸದವರಿಗೆ ಕನಿಷ್ಠ ವೇತನ ಕೊಡಬೇಕೆಂದು ಗುತ್ತಿಗೆಯಲ್ಲೇ ಇದ್ದರೂ ಈ ಹೆಂಗಸರಿಗೆ ಸಿಗುತ್ತಿದ್ದುದು ಗೌರವಧನವೆಂಬ ಹೆಸರಿನಲ್ಲಿ ಅದರ ಅರ್ಧ. ಕಾರ್ಯದರ್ಶಿ ಭಾಷ್ಯಂ ಕೆಟ್ಟವರೇನಲ್ಲ. ತಾವು ಒಂದು ಕಾಸೂ ಮುಟ್ಟದೆ ದುಡಿಯುತ್ತಿದ್ದುದರಿಂದಲೇ, ಉಳಿದವರು ಏಕೆ ಕೇಳುತ್ತಾರೆಂಬುದು ಅವರಿಗೆ ಪ್ರಾಮಾಣಿಕವಾಗಿಯೇ ಅರ್ಥವಾಗುತ್ತಿರಲಿಲ್ಲ. ಕಾರ್ಮಿಕ ಇಲಾಖೆಗೆ ದೂರು ಕೊಡೋಣವೆಂದು ಮೊದಲು ಬಾಯಿಬಿಟ್ಟವಳು ಲಕ್ಕಮ್ಮ. ದೂರು ಕೊಟ್ಟವರನ್ನು ಕೆಲಸದಿಂದ ಬಿಡಿಸುತ್ತಾರೆಂಬ ಸುದ್ದಿಯೂ ಬೆನ್ನಿಗೇ ಹಬ್ಬಿತು.

"ನೀವು ಹೋದ್ರೆ ಗಿಡ್ಡಯ್ಯನ ಗತಿ ಏನು ಲಕ್ಕಮ್ಮ?" ಎಂದು ಯದುಗಿರಿ ಕೇಳಿದಳು.

"ನಂಗೂ ಅದೇ ಯೋಚ್ನೆ ಮೇಡಂ. ವಸಿ ದಿನ ತಡೀರಿ."

ಆ ವಸಿ ದಿನ ಬೆಳೆಯುತ್ತ ಹೋಯಿತು. ಜೊತೆಯ ಹೆಂಗಸರು ಅವಳು ಹೆದರಿದಳೆಂದು ಆಡಿಕೊಂಡರು. ಊಟದ ಹೊತ್ತಿನಲ್ಲಿ ಅವಳು ಗಿಡ್ಡಯ್ಯನ ಬೆನ್ನಮೇಲೆ ಕೈಯಿಟ್ಟು ಸುಮ್ಮನೆ ಕೂತಿರುವುದನ್ನೂ, ಬಟ್ಟಲು ಜೊತೆಯ ಆಯಾ ಸಣ್ಣತಾಯಮ್ಮನ ಕೈಯಲ್ಲಿರುವುದನ್ನೂ, ಮುಂದೆ ಲಕ್ಕಮ್ಮ ಒಂದು ದಿನ ಕಿಟಕಿಯ ಬಳಿ, ಮತ್ತೊಂದು ದಿನ ಬಾಗಿಲಾಚೆ ನಿಂತಿರುವುದನ್ನೂ ಕಂಡ ಯದುಗಿರಿ, ಇವಳಿಗೂ ಮೈಗಳ್ಳತನ ಬಂತಲ್ಲ ಎಂದು ನೊಂದುಕೊಂಡಳು. ಕೊನೆಗೊಂದು ಬೆಳಿಗ್ಗೆ ಲಕ್ಕಮ್ಮ ಎಲ್ಲರನ್ನೂ ಕರೆದುಕೊಂಡು ಹೋಗಿ ದೂರು ಕೊಟ್ಟು ಬಂದಳು.

ವಿಚಾರಣೆಗೆ ಅಧಿಕಾರಿ ಆಶ್ರಮಕ್ಕೇ ಬಂದರು. ಅಧಿಕಾರಿಯನ್ನು ಭಾಷ್ಯಂ ಗಿಡ್ಡಯ್ಯನ ಮಂಚದ ಬಳಿಗೆ ಕರೆದೊಯ್ದರು. "ಇವರು ಕೂಲಿಯವರಲ್ಲ ಸಾರ್, ತಾಯಂದಿರು. ಈ ಮುದುಕ ಲಕ್ಕಮ್ಮನ ಕೈ ಬಿಟ್ರೆ ಬೇರೆ ಯಾರ ಕೈಯಲ್ಲೂ ಊಟ ಮಾಡಲ್ಲ. ಈ ಪ್ರೀತಿಗೆ ರೇಟು ಕಟ್ಟೋಕಾಗುತ್ತಾ, ನೀವೇ ಹೇಳಿ."

ಲಕ್ಕಮ್ಮ ಇದ್ದ ಜಾಗದಿಂದ ಕದಲಲಿಲ್ಲ. "ಸಣ್ಣತಾಯಿ, ನೀನು ಉಣ್ಸು" ಎಂದಳು.

ಸಣ್ಣತಾಯಮ್ಮ ಮೆದು ಅನ್ನವನ್ನು ಕಿವುಚಿ ಮುಂದೆ ಹಿಡಿದಳು. ಗಿಡ್ಡಯ್ಯ ಒಮ್ಮೆ ಲಕ್ಕಮ್ಮನ ಕಡೆ ನೋಡಿದ. ಆಮೇಲೆ ಬಾಯಿ ತೆರೆದ.

ಭಾಷ್ಯಂ ಬೆರಗಾಗಿ ನಿಂತರು. ಲಕ್ಕಮ್ಮ ಅವರ ಕಡೆ ತಿರುಗಿ, ದನಿ ಏರಿಸದೆ ಹೇಳಿದಳು: "ಪ್ರೀತಿ ಐತೆ ಸ್ವಾಮಿ, ಇಲ್ಲ ಅನ್ನಕ್ಕಿಲ್ಲ. ಅದು ಅವನಿಗೂ ನಂಗೂ ಸೇರಿದ್ದು, ಅದರ ಲೆಕ್ಕ ನಿಮ್ಮತ್ರ ಕೇಳ್ತಿಲ್ಲ. ಎತ್ತಿದ್ದಕ್ಕೆ, ತೊಳ್ದಿದ್ದಕ್ಕೆ ಕೂಲಿ ಕೊಡಿ. ಕೆಲ್ಸದಿಂದ ಬಿಡ್ಸಿದ್ರೂ ಬಿಡ್ಸಿ. ಅವನು ಉಪವಾಸ ಬೀಳಕ್ಕಿಲ್ಲ."

ಆಗ ಯದುಗಿರಿಗೆ ಎಲ್ಲವೂ ಹೊಳೆಯಿತು. ತನ್ನನ್ನು ಅಲ್ಲಿ ಉಳಿಸಬಹುದಾಗಿದ್ದ ಒಂದೇ ಆಸರೆಯನ್ನು ಈ ಹೆಂಗಸು ತನ್ನ ಕೈಯಾರೆ, ತುತ್ತು ತುತ್ತಾಗಿ, ಬೇರೊಬ್ಬಳಿಗೆ ದಾಟಿಸಿದ್ದಳು.

ಇವರು ಕಾರ್ಮಿಕರೇ, ಕನಿಷ್ಠ ವೇತನ ಕೊಡತಕ್ಕದ್ದು ಎಂಬ ಆದೇಶ ಬಂತು. ಲಕ್ಕಮ್ಮ ಕೆಲಸದಲ್ಲೇ ಉಳಿದಳು. ಗಿಡ್ಡಯ್ಯ ಈಗ ಯಾರ ಕೈಯಿಂದಾದರೂ ಉಣ್ಣುತ್ತಾನೆ; ಕೆಲವು ದಿನ ಅವಳ ಸರದಿ ಬರುವುದೇ ಇಲ್ಲ.

ತಮ್ಮನ್ನು ಬಿಟ್ಟರೆ ಗತಿಯಿಲ್ಲವೆಂಬುದನ್ನೇ ಬಲ ಮಾಡಿಕೊಂಡು ನ್ಯಾಯ ಕೇಳುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅದು ತಪ್ಪೂ ಅಲ್ಲ. ತಮ್ಮನ್ನೇ ನಂಬಿದ ಜೀವಕ್ಕೆ ಮೊದಲು ಇನ್ನೊಂದು ಕೈಯನ್ನು ರೂಢಿಮಾಡಿಸಿ, ಆ ನೋವನ್ನು ಯಾರಿಗೂ ಹೇಳದೆ, ಬರಿಗೈಯಲ್ಲಿ ಬಂದು ತಮ್ಮ ಪಾಲನ್ನು ಕೇಳುವವರು ಬಹಳ ವಿರಳ. ಅಂಥವರು ಕೇಳಿದಾಗ ಕೊಡುವವರೇ ಚಿಕ್ಕವರಾಗಿ ಕಾಣುತ್ತಾರೆ.