ಟಿವಿಯ ಮುಂದಿನ ಉಡಿ

ಸುಗುಣ ಗಂಡನ ಮನೆಗೆ ವಾಪಸು ಹೋದ ಸಂಜೆ ನಮ್ಮ ಓಣಿಯಲ್ಲಿ ಒಂದು ಮನೆಯಲ್ಲೂ ಒಲೆ ಹೊತ್ತಲಿಲ್ಲ. ಸುಗುಣ ತೆಲುಗು ಸೀಮೆಯ ನಮ್ಮ ಆಲೂರಿನವಳಲ್ಲ. ಪಕ್ಕದ ಆದೋನಿಯವಳೂ ಅಲ್ಲ. ಯಾರ ಹೊಟ್ಟೆಯಲ್ಲೂ ಹುಟ್ಟಿದವಳಲ್ಲ. ಟಿವಿಯಲ್ಲಿ ದಿನಾ ಸಂಜೆ ಏಳೂವರೆಗೆ ಬರುವ ತೆಲುಗು ಸೀರಿಯಲ್ಲಿನ ಹೆಣ್ಣು ಅವಳು. ಐದಾರು ವರ್ಷ ಅತ್ತಳು. ಅವಳ ಜೊತೆ ನಮ್ಮವರೂ ಅತ್ತರು. ಆ ಸಂಜೆ ಸೀರಿಯಲ್ ಮುಗಿಯಿತು, ನಮ್ಮವರ ಅಳು ಮಾತ್ರ ಮುಗಿಯಲಿಲ್ಲ.

ಓಣಿಯಲ್ಲಿ ದೊಡ್ಡ ಟಿವಿ ಇರುವುದು ನನ್ನ ತಂಗಿ ರಾಮಲಕ್ಷ್ಮಿಯ ಮನೆಯಲ್ಲಿ. ಗಂಡ ಸತ್ತ ಮೇಲೆ ನಾನು ಅದೇ ಓಣಿಯ ತುದಿಯಲ್ಲಿ ಒಂದು ಕೋಣೆಯಲ್ಲಿದ್ದೇನೆ. ಸಂಜೆ ಹೊತ್ತು ತಂಗಿಯ ಮನೆಗೆ ಹೋಗಿ ಒಂದು ಮೂಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂರುತ್ತೇನೆ. ಟಿವಿ ನೋಡುವುದಿಲ್ಲ. ನೋಡುವವರನ್ನು ನೋಡುತ್ತೇನೆ. ಅದೇ ಸಾಕಾಗುತ್ತದೆ.

ತಂಗಿಯ ಗಂಡ ಬಜಾರಪ್ಪ ಗಂಡಸು. ಗಂಡಸರು ಸೀರಿಯಲ್ ನೋಡುತ್ತಾರೆಯೇ? ಅದಕ್ಕೆ ಅವನು ಹೊಸ್ತಿಲ ಮೇಲೆ ಟಿವಿಗೆ ಬೆನ್ನು ಹಾಕಿ ಕೂರುತ್ತಿದ್ದ, ಗಡ್ಡ ಕೆರೆಯುವ ಕನ್ನಡಿಯನ್ನು ಎದುರಿನ ಕಂಬಕ್ಕೆ ಒರಗಿಸಿಕೊಂಡು ಅದರೊಳಗೆ ಸುಗುಣಳನ್ನು ನೋಡುತ್ತಿದ್ದ. ಐದಾರು ವರ್ಷ ಅವನ ಗಡ್ಡ ಸಂಜೆಯೇ ಬೆಳೆಯಿತು.

ಈ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ, ಇವರ ಮಗಳು ರಾಣಿ. ಗೋನೆಗಂಡ್ಲದ ಸೂರಿಗೆ ಕೊಟ್ಟಿದ್ದರು. ಸೂರಿ ಇನ್ನೊಬ್ಬಳನ್ನು ತಂದಿಟ್ಟುಕೊಂಡ. ಇವಳು ಕೇಳಿದಳು. ಬಾಗಿಲ ಸಂದಿಯಲ್ಲಿ ಇವಳ ಎಡಗೈ ಇರುವಾಗಲೇ ಬಾಗಿಲು ಎಳೆದ. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಆ ಕೈಯಲ್ಲೇ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಕುಪ್ಪಸ ಹೊಲಿದು ತಾಯಿಯ ಕೈಗೆ ತಂದು ಕೊಡುತ್ತಾಳೆ. ಅವಳು ಬಂದ ದಿನ ಓಣಿಯ ಹೆಂಗಸರು ನೋಡಲು ಬಂದಿದ್ದರು. ಕೈಗೆ ಕಟ್ಟಿದ ಬಟ್ಟೆ ನೋಡಿದರು, ಲೊಚಗುಟ್ಟಿದರು, ಏಳೂವರೆ ಆಗುತ್ತಲೂ ಟಿವಿ ಕಡೆ ತಿರುಗಿದರು. ಅವತ್ತು ಸುಗುಣಳಿಗೆ ಜ್ವರ ಬಂದಿತ್ತು.

ಕಡೆಯ ದಿನದ ಕಥೆ ಇಷ್ಟು. ಸುಗುಣಳ ಗಂಡನೂ ಇನ್ನೊಬ್ಬಳನ್ನು ತಂದಿದ್ದ, ಇವಳನ್ನು ಮಳೆಯಲ್ಲಿ ಹೊರಗೆ ನೂಕಿದ್ದ. ಈಗ ಅವನ ಕಣ್ಣು ಹೋಗಿದೆ, ಕೈ ಮುಗಿದು ಅಳುತ್ತಾನೆ. ಇವಳು ಎಲ್ಲ ಮರೆತು ಅವನ ಕೈ ಹಿಡಿಯಲು ಹೊರಡುತ್ತಾಳೆ. ತವರಿನಲ್ಲಿ ಅಣ್ಣನ ಹೆಂಡತಿ ಒಂದು ಹಿಡಿ ಅಕ್ಕಿಯನ್ನೂ ಹಾಕದೆ ಕಳಿಸುತ್ತಾಳೆ. ಸುಗುಣ ಬರಿಗಾಲಲ್ಲಿ ನಡೆದು ಗಂಡನ ಮನೆಯ ಹೊಸ್ತಿಲ ಮೇಲೆ ಬಲಗಾಲು ಇಡುತ್ತಾಳೆ. ಶಂಖ ಮೊಳಗುತ್ತದೆ, ಹೂವು ಬೀಳುತ್ತದೆ. ಅಲ್ಲಿಗೆ ಮುಗಿಯಿತು.

"ಯವ್ವಾ, ಬರೀ ಉಡಿಲೆ ಕಳಿಸಿದ್ರಲ್ಲೇ ಆಕಿನ್ನ!" ಎಂದು ರಾಮಲಕ್ಷ್ಮಿ ಎದೆ ಬಡಿದುಕೊಂಡಳು.

ನಮ್ಮಲ್ಲಿ ಹೆಣ್ಣುಮಗಳು ತವರಿನಿಂದ ಗಂಡನ ಮನೆಗೆ ಹೊರಟರೆ ಐವರು ಮುತ್ತೈದೆಯರು ಅವಳ ಉಡಿ ತುಂಬುತ್ತಾರೆ. ಸೆರಗೊಡ್ಡಿ ಕುಳಿತವಳಿಗೆ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಎಲೆ ಅಡಿಕೆ, ಕುಪ್ಪಸದ ಬಟ್ಟೆ ಹಾಕುತ್ತಾರೆ. ಖಾಲಿ ಸೆರಗಿನಲ್ಲಿ ಯಾರನ್ನೂ ಕಳಿಸುವುದಿಲ್ಲ. ಒಮ್ಮೆ ತುಂಬಿದ ಮೇಲೆ ಅದು ಅವಳದು. ತುಂಬಿದವರು ಅದರಲ್ಲಿ ಒಂದು ಕಾಳನ್ನೂ ಮುಟ್ಟುವುದಿಲ್ಲ.

"ಅತ್ತಿಗಿ ಹಾಕಲಿಲ್ಲ ಅಂದ್ರ ನಾವು ಸತ್ತೀವೇನು?" ಎಂದಳು ಪಕ್ಕದ ಮನೆಯ ಲಾವಣ್ಯ, ಮೂಗು ಒರೆಸಿಕೊಳ್ಳುತ್ತಾ. "ಅಕ್ಕಾ, ತಾ ಅಕ್ಕಿ. ನಾವು ತುಂಬೋಣು."

ನಗೆಯಾಡುತ್ತಾಳೆ ಅಂದುಕೊಂಡೆ. ಇಲ್ಲ. ರಾಮಲಕ್ಷ್ಮಿ ಒಳಗೆ ಹೋಗಿ ತನ್ನ ಹೆಸರು ಕೊರೆಸಿದ ದೊಡ್ಡ ಸ್ಟೀಲ್ ತಟ್ಟೆ ತಂದಳು, ಹಬ್ಬಕ್ಕೆಂದು ಎತ್ತಿಟ್ಟ ಸಣ್ಣಕ್ಕಿ ಸುರಿದಳು, ಎರಡು ಬಟ್ಟಲು ಕೊಬ್ಬರಿ, ಅರಿಶಿನದ ಕೊಂಬು, ಎಲೆ ಅಡಿಕೆ ಇಟ್ಟಳು. ಕುಪ್ಪಸದ ಬಟ್ಟೆ ಇರಲಿಲ್ಲ. ರಾಣಿಯ ಚೀಲಕ್ಕೆ ಕೈ ಹಾಕಿ ಅವಳು ತನಗೆಂದು ಕೊಂಡಿಟ್ಟಿದ್ದ ಹಸಿರು ಬಟ್ಟೆ ಎಳೆದಳು. ರಾಣಿ ನೋಡಿದಳು, ಚೀಲದ ಬಾಯಿ ಮತ್ತೆ ಕಟ್ಟಿದಳು.

ಸೆರಗಿನ ಬದಲಿಗೆ ಆ ತಟ್ಟೆಯನ್ನೇ ಟಿವಿಯ ಮುಂದೆ ಇಟ್ಟರು. ಹೊಸ್ತಿಲ ಮೇಲೆ ಕಾಲಿಟ್ಟ ಸುಗುಣಳನ್ನು ರಿಮೋಟಿನಲ್ಲಿ ಹಾಗೇ ನಿಲ್ಲಿಸಿದ್ದರು. ಗಾಜಿನ ಮೇಲೆ ಅವಳ ಹಣೆ ಎಲ್ಲಿದೆಯೆಂದು ಹುಡುಕಿ ಕುಂಕುಮ ಇಟ್ಟರು. ಅಲ್ಲಿದ್ದ ಮುತ್ತೈದೆಯರು ನಾಲ್ವರು, ಐದನೆಯವಳು ಬೇಕು. ರಾಣಿ ಅಲ್ಲೇ ಕೂತಿದ್ದಳು, ಕೊರಳಲ್ಲಿ ತಾಳಿ ಇದೆ, ಗಂಡ ಗೋನೆಗಂಡ್ಲದಲ್ಲಿ ಗುಂಡುಕಲ್ಲಿನಂತೆ ಇದ್ದಾನೆ. ನಾಲ್ವರೂ ಅವಳ ತಲೆಯ ಮೇಲಿಂದ ಬಾಗಿಲ ಕಡೆ ನೋಡಿದರು.

"ಲಾವಣ್ಯ, ನಿಮ್ಮ ತಂಗಿ ಹಾರಿಕಾನ ಕರಿಯೇ," ಎಂದಳು ರಾಮಲಕ್ಷ್ಮಿ, ಹೆತ್ತ ತಾಯಿ.

"ಯಾಕ, ರಾಣಿ ಇಲ್ಲೇ ಅದಾಳಲ್ಲ?" ಎಂದೆ ನಾನು.

"ನೀ ಸುಮ್ನಿರಕ್ಕ. ಬಿಟ್ಟು ಬಂದಾಕಿ ಕೈಲೆ ತುಂಬಿಸಿದ್ರ ಆ ಹುಡುಗಿ ಬಾಳೇವು ಹೆಂಗ ನೆಟ್ಟಗಾದೀತು?"

ಯಾವ ಹುಡುಗಿ? ಗಾಜಿನೊಳಗಿನ ಹುಡುಗಿ. ಹಾರಿಕಾ ಓಡಿ ಬಂದಳು. ಐವರೂ ತಟ್ಟೆಯ ಮೇಲೆ ಐದೈದು ಹಿಡಿ ಅಕ್ಕಿ ಹಾಕಿದರು. ವಿಧವೆಯಾದ ನನ್ನ ನೆರಳು ತಟ್ಟೆಯ ಮೇಲೆ ಬೀಳಬಾರದೆಂದು ಲಾವಣ್ಯ ನನ್ನ ಹಿಂದಿನ ದೀಪ ಆರಿಸಿ ಇನ್ನೊಂದು ಹಾಕಿದಳು. ಅಷ್ಟು ಎಚ್ಚರ.

ನಾನು ಚಿಕ್ಕವಳಿದ್ದಾಗ ಬಯಲಾಟಕ್ಕೆ ಹೋಗುತ್ತಿದ್ದೆ. ಅಲ್ಲಿಯೂ ರಾಜಕುಮಾರ ಸಾಯುತ್ತಿದ್ದ, ನಾವೂ ಅಳುತ್ತಿದ್ದೆವು. ಕಡೆಗೆ ಸತ್ತವನೇ ಎದ್ದು ಬಂದು ಮಂಗಳಾರತಿಗೆ ಕೈ ಮುಗಿದು, ಕಿರೀಟ ಬಗಲಲ್ಲಿ ಇಟ್ಟುಕೊಂಡು ನಮ್ಮಪ್ಪನ ಹತ್ತಿರ ಬೀಡಿ ಕೇಳುತ್ತಿದ್ದ. ನಾವು ಕಣ್ಣೊರೆಸಿಕೊಂಡು ಎಮ್ಮೆ ಹಿಂಡಲು ಹೋಗುತ್ತಿದ್ದೆವು. ಈ ಟಿವಿಯವರು ಹೆಣವನ್ನು ಮನೆಯೊಳಗೆ ತಂದು ಮಲಗಿಸುತ್ತಾರೆ, ಎಬ್ಬಿಸಿಕೊಂಡು ಹೋಗುವುದಿಲ್ಲ.

ಹೆಂಗಸರು ಹೋದ ಮೇಲೆ ರಾಮಲಕ್ಷ್ಮಿ ಕಣ್ಣು ಊದಿಸಿಕೊಂಡು ಫೋನ್ ಮಾಡಿದಳು. ಸೂರಿಯ ಸೋದರಮಾವ ನರಸಣ್ಣನಿಗೆ. ಅವನ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಅವನು ಹಿಂದೆ ಎರಡು ಸಲ ಕರೆದೊಯ್ಯುತ್ತೇವೆಂದು ಹೇಳಿ ಕಳಿಸಿದ್ದ, ಎರಡು ಸಲವೂ ಇವಳೇ ಬೈದು ಅಟ್ಟಿದ್ದಳು. ಈಗ ಅದೇ ಬಾಯಿ.

"ಅಣ್ಣಾ, ರೇಪೇ ಬಂದ್ಬಿಡು, ನಾಳೆ ಬೆಳಿಗ್ಗೇನ. ಹುಡುಗಿನ್ನ ಕಳಸ್ತೀವಿ. ಹೌದೌದು, ನಾವೂ ನೋಡಿದ್ವಿ. ಅಂಥಾ ಸುಗುಣನೇ ಗಂಡನ್ನ ಕ್ಷಮಿಸ್ಯಾಳ, ನಮ್ಮಾಕಿದೇನು ದೊಡ್ಡ ಮಾತು?"

ರಾಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಅವ್ವಾ, ನನ್ನ ಕೇಳಿದೇನು?"

"ಏನ್ ಕೇಳಾದು? ಐದು ವರ್ಷ ಆಕಿ ಪಟ್ಟ ಕಷ್ಟದಾಗ ಅರ್ಧ ಪಟ್ಟೀಯೇನು ನೀನು?"

"ಆಕಿ ಬೆರಳು ನೆಟ್ಟಗದಾವ."

"ಮಾತಿಗೆ ಮಾತು!" ಎಂದ ಬಜಾರಪ್ಪ ಹೊಸ್ತಿಲ ಮೇಲಿಂದ, ಕನ್ನಡಿ ಎತ್ತಿಡುತ್ತಾ. "ಆ ಅಳಿಯ ಕಡಿಗೆ ಕೈ ಮುಗದು ಅತ್ತನಲ್ಲ, ನೋಡಿದ್ದಿಲ್ಲೇನು? ಗಂಡಸು ಅತ್ತ ಅಂದ್ರ ಬದಲಾದ ಅಂತನ ಲೆಕ್ಕ."

"ಯಾರು ಅತ್ತಿದ್ದು ಯಪ್ಪಾ, ಸೂರಿನಾ?"

ಬಜಾರಪ್ಪನಿಗೆ ಒಂದು ಗಳಿಗೆ ತಾನು ಯಾವ ಅಳಿಯನ ಮಾತಾಡುತ್ತಿದ್ದೇನೆಂದು ತಿಳಿಯಲಿಲ್ಲ.

ಬೆಳಿಗ್ಗೆ ನರಸಣ್ಣ ಬಾಡಿಗೆ ಆಟೋದಲ್ಲಿ ಬಂದ. ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಸೂರಿ ಬಂದಿರಲಿಲ್ಲ.

"ಏಮ್ಮಾ ರಾಣಿ, ಬಾಗುನ್ನಾವಾ, ಆರಾಮ ಅದೀಯಾ? ನಡಿ ತಾಯಿ, ಹೊತ್ತಾಗ್ತೈತಿ. ಆಟೋದವನು ಕಾಯಾಕ ಬೇರೆ ದುಡ್ಡು ಕೇಳ್ತಾನ."

"ಅವನು ಬಂದಿಲ್ಲೇನು?"

"ವಾಡಿಕಿ ಪನುಂದಮ್ಮಾ, ಅವನಿಗೆ ಕೆಲಸ ಐತಿ. ಮತ್ತ ನಿಮ್ಮತ್ತಿ ಬಚ್ಚಲದಾಗ ಬಿದ್ದು ಸೊಂಟ ಮುರಕಂಡಾಳ. ಎತ್ತಾಕೂ ಜನ ಇಲ್ಲ. ಆ ಇನ್ನೊಬ್ಬಾಕಿ ಪಾತ್ರಿ ತೊಳಿಯೋದಿಲ್ಲ, ಮುದುಕಿನ್ನ ಮುಟ್ಟೋದಿಲ್ಲ ಅಂತಾಳ. ನಿನ್ನಂಥಾ ತಾಳ್ಮಿ ಆಕಿಗೆಲ್ಲೈತಿ?"

ಹೊಗಳಿದ ಅಂದುಕೊಂಡಿದ್ದ ಅವನು. ರಾಮಲಕ್ಷ್ಮಿಯೂ ಹಾಗೇ ಅಂದುಕೊಂಡು ಕಣ್ಣೊರೆಸಿದಳು. ಲಾವಣ್ಯ, ಹಾರಿಕಾ, ಮಿಕ್ಕಿಬ್ಬರು ಬಂದು ನಿಂತಿದ್ದರು, ಎರಡನೆಯ ಸಲ ಅಳಲು ತಯಾರಾಗಿ. ನಿನ್ನೆಯ ಸುಖ ಇನ್ನೂ ಅವರ ಮುಖದಲ್ಲಿತ್ತು.

ತಟ್ಟೆ ಟಿವಿಯ ಮುಂದೆಯೇ ಇತ್ತು. ತುಂಬಿದವರು ಮುಟ್ಟುವಂತಿಲ್ಲ, ತುಂಬಿಸಿಕೊಂಡವಳು ಬಂದು ಒಯ್ಯುವಂತಿಲ್ಲ. ಗಾಜಿನ ಮೇಲೆ ಕುಂಕುಮ ಒಣಗಿತ್ತು, ಅದರ ಹಿಂದೆ ಯಾರೋ ಸೋಪು ಮಾರುತ್ತಿದ್ದರು. ರಾಮಲಕ್ಷ್ಮಿ ಅದನ್ನು ನೋಡಿದಳು, ಮುಖ ಅರಳಿತು.

"ಇದನ್ನ ತುಂಬಿ ಕಳಸೋಣ! ಸುಗುಣಗ ತುಂಬಿದ್ದು. ಎಂಥಾ ಭಾಗ್ಯ ನೋಡ್ರಿ ನನ್ನ ಮಗಳದು!"

ಅಕ್ಕಿಯೂ ಉಳಿತಾಯ ಎಂದು ಅವಳು ಹೇಳಲಿಲ್ಲ. ನನಗೆ ಅವಳು ಹುಟ್ಟಿದಾಗಿನಿಂದ ಗೊತ್ತು.

ರಾಣಿ ಕುಳಿತು ಸೆರಗೊಡ್ಡಿದಳು. ನಿನ್ನೆ ಅವಳ ಕೈ ತಟ್ಟೆಗೆ ಬೇಡವಾಗಿದ್ದ ಐವರೂ ಈಗ ತಟ್ಟೆಯನ್ನೇ ಅವಳ ಸೆರಗಿಗೆ ಬಗ್ಗಿಸಿದರು. ಅಕ್ಕಿ, ಕೊಬ್ಬರಿ, ಅರಿಶಿನ, ಬಾಡಿದ ಎಲೆ, ಅವಳದೇ ಹಸಿರು ಬಟ್ಟೆ. ರಾಣಿ ಸೆರಗಿಗೆ ಗಂಟು ಹಾಕಿದಳು. ಎಡಗೈಯ ಬೆರಳು ಮಡಚದ ಕಾರಣ ಹಲ್ಲಿನಲ್ಲಿ ತುದಿ ಹಿಡಿದು ಬಿಗಿದಳು. ಆಮೇಲೆ ತಟ್ಟೆಯನ್ನೂ ಎತ್ತಿಕೊಂಡು ಎದ್ದಳು.

"ಅವ್ವಾ, ಒಂದು ಮಾತು. ಸುಗುಣ ಹೊಸ್ತಿಲ ದಾಟಿದ್ಲಲ್ಲ, ಒಳಗ ಹೋದ ಮ್ಯಾಲ ಏನಾತು?"

"ಏನಾತು ಅಂದ್ರ? ಮುಗೀತು. ಸೀರಿಯಲ್ಲ ಮುಗೀತಲ್ಲ."

"ಬಾಗಲು ಹಾಕಿದ ಮ್ಯಾಲ ಏನಾತು ಅಂತ?"

"ಅದನ್ನ ತೋರಿಸಲಿಲ್ಲೇ. ಚಂದಾಗಿ ಇರ್ತಾಳ ಬಿಡು."

"ನಿಮಗ ತೋರಿಸಿಲ್ಲ. ನಾನು ನೋಡೀನಿ." ರಾಣಿ ಎಡಗೈ ಎತ್ತಿ ನರಸಣ್ಣನ ಮುಖದ ಮುಂದೆ ಹಿಡಿದಳು. "ಮಾವಾ, ಬಾಳೆಹಣ್ಣು ತಗಂಡು ಹೋಗು. ನಿಮ್ಮಕ್ಕನ್ನ ನೀನ ಎತ್ತು. ಇಲ್ಲಂದ್ರ ಆ ಸುಗುಣ ಖಾಲಿ ಅದಾಳಂತ, ಆಕಿನ್ನ ಕರಕಂಡು ಹೋಗು."

"ಏಂ ಮಾಟಲಮ್ಮಾ ಇವಿ, ಎಂಥಾ ಮಾತಿವು!" ನರಸಣ್ಣ ಬಜಾರಪ್ಪನ ಕಡೆ ತಿರುಗಿದ. "ಕರಿಸಿ ಮರ್ಯಾದಿ ಕಳೀತೀರೇನು?"

ಬಜಾರಪ್ಪ ನನ್ನ ಕಡೆ ತಿರುಗಿದ. "ಶಾಂತಕ್ಕ, ನೀನರ ಒಂದು ಬುದ್ಧಿಮಾತು ಹೇಳಬಾರದೇನು? ದೊಡ್ಡಾಕಿ ಅದೀಯಿ."

ನಾನು ಸೊಂಟದಿಂದ ನನ್ನ ಕೋಣೆಯ ಬೀಗದ ಕೈ ಬಿಚ್ಚಿ ರಾಣಿಗೆ ಕೊಟ್ಟೆ. "ಗ್ಯಾಸು ಐತಿ. ಅಂಗಡಿಗೂ ಅಲ್ಲಿಂದ ಹತ್ರ ಆಕ್ಕತಿ," ಎಂದೆ. ಅದಕ್ಕಿಂತ ಬುದ್ಧಿಯ ಮಾತು ನನಗೆ ಗೊತ್ತಿರಲಿಲ್ಲ.

"ಉಡಿ ತುಂಬಿಸ್ಕಂಡು ತವರು ಓಣ್ಯಾಗ ಉಳಿಯೋದಾ? ಅಪಶಕುನಲೇ!" ರಾಮಲಕ್ಷ್ಮಿ ಕಿರುಚಿದಳು. "ಅಕ್ಕೀನರ ಇಡು!"

"ಮುಟ್ಟು ನೋಡೋಣ," ಎಂದಳು ರಾಣಿ.

ರಾಮಲಕ್ಷ್ಮಿ ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು. ತುಂಬಿದ ಉಡಿಗೆ ಯಾರು ಕೈ ಹಾಕುತ್ತಾರೆ? ಬಾಗಿಲಲ್ಲಿ ಅಳಲು ನಿಂತಿದ್ದವರು ಹಿಂದೆ ಸರಿದು ದಾರಿ ಬಿಟ್ಟರು. ಯಾರಿಗೂ ಅಳು ಬರಲಿಲ್ಲ. ನಿಜಕ್ಕೂ ಒಬ್ಬಳು ಹೊಸ್ತಿಲು ದಾಟಿ ಹೊರಟಾಗ, ಶಂಖ ಮೊಳಗದಿದ್ದರೆ, ಎಲ್ಲಿ ಅಳಬೇಕೆಂದು ಅವರಿಗೆ ತಿಳಿಯುವುದಿಲ್ಲ.

ನರಸಣ್ಣ ಬಾಳೆಹಣ್ಣು ತೆಗೆದುಕೊಂಡೇ ಹೋದ.

ನನ್ನ ಕೋಣೆಯಲ್ಲಿ ರಾಣಿ ಅನ್ನ ಮಾಡಿದಳು, ಕೊಬ್ಬರಿ ಚಟ್ನಿ ಅರೆದಳು. ಸಣ್ಣಕ್ಕಿಯ ಅನ್ನ ನಾನು ಮದುವೆ ಮನೆಯಲ್ಲಿ ಉಂಡಿದ್ದೆ, ನನ್ನ ಒಲೆಯ ಮೇಲೆ ಅದು ಬೆಂದದ್ದು ಅದೇ ಮೊದಲು. ಕುಪ್ಪಸದ ಬಟ್ಟೆಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಳು. ಊಟದ ನಡುವೆ ಒಂದು ಸಲ ತುತ್ತನ್ನು ಮತ್ತೆ ಕೆಳಗಿಟ್ಟಳು. ನಾನು ಇನ್ನಷ್ಟು ಚಟ್ನಿ ಹಾಕಿದೆ. ಆಮೇಲೆ ಉಂಡಳು.

ಸಂಜೆ ಬಜಾರಪ್ಪ ಬಂದು ಬಾಗಿಲ ಹೊರಗೆ ನಿಂತ. ಮಗಳನ್ನು ಕರೆಯಲು ಬಂದನೇನೋ ಎಂದು ರಾಣಿ ಎದ್ದಳು. ಅವಳ ಮುಖ ನೋಡಬೇಕಿತ್ತು.

"ತಟ್ಟಿ ಬೇಕಂತ ನಿಮ್ಮವ್ವಗ," ಎಂದ ಅವನು. "ಹೆಸರು ಕೊರಿಸಿದ್ದಲ್ಲ, ಅದಕ."

ರಾಣಿ ತಟ್ಟೆ ತೊಳೆದು, ಸೆರಗಿನಿಂದ ಒರೆಸಿ ಕೊಟ್ಟಳು. "ಉಂಡೀಯೇನು ಯಪ್ಪಾ?"

ಬಜಾರಪ್ಪ ತಟ್ಟೆಯನ್ನು ಆ ಕಡೆ ಈ ಕಡೆ ತಿರುಗಿಸಿದ. ಏನೋ ಹೇಳುವವನಂತೆ ಗಂಟಲು ಸರಿ ಮಾಡಿಕೊಂಡ. ಅಷ್ಟರಲ್ಲಿ ಅವನ ಮನೆಯಿಂದ ಹೊಸ ಸೀರಿಯಲ್ಲಿನ ಹಾಡು ಕೇಳಿತು. ಅವನ ಕಿವಿ ಆ ಕಡೆ ಹೋಯಿತು, ಆಮೇಲೆ ಕಣ್ಣು, ಆಮೇಲೆ ಕಾಲು.

"ಬರ್ತೀನವ್ವ, ಗಡ್ಡ ಕೆರಕಾಬೇಕು," ಎಂದು ಹೇಳಿ ತಟ್ಟೆಯನ್ನು ಬಗಲಲ್ಲಿ ಇಟ್ಟುಕೊಂಡು ಲಗುಬಗೆಯಿಂದ ನಡೆದ.

ರಾಣಿ ಬಾಗಿಲು ಮುಂದೆ ಮಾಡಿದಳು, ನಿಧಾನವಾಗಿ, ಬಲಗೈಯಿಂದ. ಒಳಗಿನಿಂದ ತಾನೇ ಚಿಲಕ ಹಾಕಿದಳು.