ಗಂಗುಲಮ್ಮನ ಮದುವೆ ಸೀರೆ

ಶಿವಲಕ್ಷ್ಮಮ್ಮ ಗಂಗುಲಮ್ಮನ ಟ್ರಂಕಿನ ತಳದವರೆಗೂ ಕೈ ಹಾಕಿ ಕಂಬಳಿ, ಹಳೇ ರವಿಕೆಗಳು, ನುಸಿಗುಳಿಗೆಯ ಗಂಟು ಎಲ್ಲವನ್ನೂ ಇನ್ನೊಂದು ಸಲ ಹೊರಗೆ ಹರಡಿದಳು. ಸೀರೆ ಇರಲಿಲ್ಲ.

"ಇಲ್ಲ ಕಣಮ್ಮ."

ಗಂಗುಲಮ್ಮನ ಸೊಸೆ ಹರಿತಾ ಬಾಗಿಲಿಗೆ ಒರಗಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು. "ಟ್ರಂಕಲ್ಲಿ ಹೆಂಗಿರ್ತದೆ ಚಿಕ್ಕತ್ತೆ? ನಿಮ್ಮನೇಲಿ ನೋಡ್ಬೇಕು. ಸೀರೆ ಶಿವಲಕ್ಷ್ಮಿ ಹತ್ರ ಅದೆ ಅಂತ ಅತ್ತೇನೇ ಹೋದ ವಾರ ಹೇಳವ್ರೆ."

"ನನ್ನ ಹತ್ರಾನಾ?"

"ಇನ್ಯಾವ ಶಿವಲಕ್ಷ್ಮಿ ಅವ್ರೆ ಹಿಂದೂಪುರದಾಗೆ?"

ಶಿವಲಕ್ಷ್ಮಮ್ಮನಿಗೆ ದಿಕ್ಕು ತೋಚದಂತಾಯಿತು. ತಾನು ಆ ಸೀರೆ ಉಟ್ಟಿದ್ದು ತನ್ನ ಮದುವೆಯ ದಿನ. ಮಾರನೇ ದಿನವೇ ಮಡಚಿ ವಾಪಸ್ಸು ಕೊಟ್ಟಿದ್ದಳು. ಆದರೆ ಸತ್ತವಳೇ ಹಾಗೆ ಹೇಳಿದ್ದಾಳೆ ಅಂದಮೇಲೆ, ತಾನೇ ಎಲ್ಲಾದರೂ ಇಟ್ಟು ಮರೆತೆನೋ ಏನೋ? ಈಚೆಗೆ ಕನ್ನಡಕವನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟು ಊರೆಲ್ಲ ಹುಡುಕಿದವಳು ತಾನೇ ಅಲ್ಲವೇ?

ಹೊರಗಿನ ಕೋಣೆಯಲ್ಲಿ ಐಸ್ ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ಗಾಜಿನ ಕೆಳಗೆ ಗಂಗುಲಮ್ಮ ನಿನ್ನೆ ಉಟ್ಟಿದ್ದ ಹೂವಿನ ಸೀರೆಯಲ್ಲೇ ಮಲಗಿದ್ದಳು. ಸಂಜೆ ನಲ್ಲಿ ನೀರು ಹಿಡಿಯುತ್ತಾ ಬಿಂದಿಗೆಯ ಪಕ್ಕ ಕೂತವಳು ಏಳಲೇ ಇಲ್ಲ. ಬಿಂದಿಗೆ ತುಂಬಿ ನೀರು ಬೀದಿಗೆ ಹರಿದಾಗಲೇ ಹರಿತಾ ಓಡಿ ಬಂದದ್ದು.

ಚರ್ಚಿನ ಪಾದ್ರಿ, ಅಯ್ಯಗಾರು ಸಂಜೀವಪ್ಪನವರು ಒಳಗೆ ಇಣುಕಿದರು. "ಟೈಮ್ ಅವುತುಂದಮ್ಮಾ, ಹೊತ್ತಾಯ್ತು. ಮೂರಕ್ಕೆ ಸಮಾಧಿ. ಬಿಳಿ ಸೀರೆ ತಂದಿಟ್ಟವ್ರೆ, ಎಲ್ರಿಗೂ ಉಡಿಸೋದು ಅದೇ ಅಲ್ವಾ?"

"ಇಲ್ಲ ಅಯ್ಯಗಾರು," ಅಂದಳು ಹರಿತಾ. "ನಾನು ಈ ಮನೆಗೆ ಬಂದ ವರ್ಷಾನೇ ಹೇಳಿದ್ರು, ಸತ್ರೆ ನಮ್ಮ ಯಜಮಾನ್ರು ನೇಯ್ದ ಸೀರೇನೇ ಉಡಿಸು ಅಂತ. ನಾನು ಆಗ್ಲಿ ಅಂದಿದ್ದೆ."

ಗಂಗುಲಮ್ಮನ ಗಂಡ ಮುತ್ಯಾಲಪ್ಪ ಮಗ್ಗದ ಮನೆಯಲ್ಲಿ ಕೂಲಿಗೆ ನೇಯುತ್ತಿದ್ದವನು. ಕುಂಕುಮದ ಬಣ್ಣದ ಆ ರೇಷ್ಮೆ ಸೀರೆಯ ಅಂಚಿನ ತುಂಬ ಹಂಸಗಳ ಸಾಲು. ಅದರಲ್ಲಿ ಒಂದೇ ಒಂದು ಹಂಸ ತಪ್ಪಿ ಹಿಂದಕ್ಕೆ ಮುಖ ಮಾಡಿಬಿಟ್ಟಿತ್ತು. ಸಾವುಕಾರ ಬೇಡ ಅಂದ. ಮುತ್ಯಾಲಪ್ಪ ಅದನ್ನು ಎದೆಗವಚಿಕೊಂಡು ಬಂದು ತಾನು ಮದುವೆಯಾಗುವ ಹುಡುಗಿಗೆ ಕೊಟ್ಟ. ಆಮೇಲೆ ಚರ್ಚಿನ ಸಭೆಯಲ್ಲಿ ಯಾವ ಬಡ ಹುಡುಗಿಗೆ ಮದುವೆ ಗೊತ್ತಾದರೂ ಗಂಗುಲಮ್ಮನ ಟ್ರಂಕು ತೆರೆಯುತ್ತಿತ್ತು. ಉಡಿಸುವಾಗ ಆ ತಪ್ಪು ಹಂಸವನ್ನು ನೆರಿಗೆಯೊಳಗೆ ಅಡಗಿಸುವುದು ಶಿವಲಕ್ಷ್ಮಮ್ಮನ ಕೆಲಸ.

"ಗೋರಂಟ್ಲದ ಮೀನಾನ ಕೇಳು," ಅಂದರು ಯಾರೋ.

ಗೋಡೆಗೆ ಒರಗಿ ಕೂತಿದ್ದ ಮೀನಾ ಬೆಚ್ಚಿದಳು. "ನನ್ ಮದ್ವೆ ಆದ್ಮೇಲೆ ಪರಿಗಿ ಹುಡ್ಗಿ ಉಟ್ಕಂಡ್ಲು. ನನ್ನ ಯಾಕೆ ಕೇಳ್ತೀರಿ? ಅದಿರ್ಲಿ, ಇವತ್ತು ಹೆಂಗಸ್ರ ಕೂಟ ಐತೋ ಇಲ್ವೋ? ಕಲ್ಯಾಣದುರ್ಗದವ್ರಿಗೆ ಬ್ಯಾಡ ಅಂತ ಹೇಳಿದ್ದು ಯಾರು?"

ಯಾರೂ ಹೇಳಿರಲಿಲ್ಲ. ಮೀನಾ ಹೇಳಿರಬೇಕು ಅಂತ ಶಿವಲಕ್ಷ್ಮಮ್ಮ, ರಾಜೇಶ ಹೇಳಿರಬೇಕು ಅಂತ ಮೀನಾ ಅಂದುಕೊಂಡಿದ್ದರು. ಗಂಗುಲಮ್ಮನ ಮಗ ರಾಜೇಶ ಅಂಗಳದಲ್ಲಿ ಶಾಮಿಯಾನದ ಹಗ್ಗ ಕಟ್ಟುತ್ತಾ, "ಯಾವ ಕೂಟ?" ಅಂದ.

*

ಕೂಟದ ಮಾತು ಎದ್ದದ್ದು ಹೋದ ತಿಂಗಳು, ಚರ್ಚಿನ ಹಿಂದಿನ ಬೇವಿನ ನೆರಳಲ್ಲಿ. ಸ್ತ್ರೀಯರ ಸಮಾಜದ ಕೂಟಕ್ಕೆ ಪ್ರತಿ ವರ್ಷ ಒಂದು ವಿಷಯ ಇಡುವುದು ಗಂಗುಲಮ್ಮನ ಪಾಲಿನದು. ಹೋದ ವರ್ಷ 'ಬೆಳಕು' ಅಂತ ಇಟ್ಟು, ಎಲ್ಲರ ಕೈಗೂ ಮೇಣದಬತ್ತಿ ಕೊಟ್ಟಾಗ ಅಯ್ಯಗಾರ ಹೆಂಡತಿಯ ಸೆರಗು ಸುಟ್ಟಿತ್ತು.

"ಈ ಸಲ ಬೆಂಕಿ ಬ್ಯಾಡ," ಅಂದಳು ಗಂಗುಲಮ್ಮ. "ಬೈಬಲ್‌ನಾಗೆ ಐತಲ್ಲ, ಮದುವಣಿಗ ಬತ್ತಾನೆ, ನಾವು ಎದುರುಗೊಳ್ತೀವಿ. ಅದೇ ವಿಷಯ. ಎಲ್ರೂ ಅವರವರ ಮದ್ವೆ ಸೀರೆ ಉಟ್ಕಂಡು ಬರ್ಬೇಕು. ಕಲ್ಯಾಣದುರ್ಗದವ್ರೂ ಬತ್ತಾರೆ, ಫೋನ್ ಮಾಡ್ಬುಟ್ಟೆ."

ಕೆಲವರು ಚಪ್ಪಾಳೆ ತಟ್ಟಿದರು. ಅರ್ಧ ಜನ ತಟ್ಟಲಿಲ್ಲ. ಮೀನಾ ಕಾಲುಂಗುರ ತಿರುಗಿಸುತ್ತಾ ಕೂತಳು. ಒಬ್ಬಳಿಗೆ ಮನೆಯಲ್ಲಿ ಹಾಲು ಉಕ್ಕುವ ನೆನಪಾಯಿತು.

ಮನೆಗೆ ನಡೆಯುವಾಗ ಶಿವಲಕ್ಷ್ಮಮ್ಮ ಕೇಳಿದಳು. "ಅಕ್ಕಾ, ಚಪ್ಪಾಳೆ ತಟ್ಟದೋರೆಲ್ಲ ಮದ್ವೇಲಿ ಉಟ್ಟಿದ್ದು ನಿನ್ ಸೀರೇನೇ ಅಲ್ವಾ? ನಾನೂ ಅದನ್ನೇ ಉಟ್ಟಿದ್ದು. ಒಂದು ಸೀರೇಲಿ ಎಷ್ಟು ಜನ ಬರಾಣ?"

ಗಂಗುಲಮ್ಮ ನಡುಬೀದಿಯಲ್ಲೇ ನಿಂತುಬಿಟ್ಟಳು. ಹಣೆ ಚಚ್ಚಿಕೊಂಡು, ಆಟೋದವನು ಹಾರನ್ ಹೊಡೆಯುವವರೆಗೂ ನಕ್ಕಳು. ಆಮೇಲೆ ನಗು ನಿಂತಿತು.

"ಅಯ್ಯೋ, ಕೊಟ್ಟೋಳಿಗೆ ಮರ್ತೇ ಹೋಗಿತ್ತು ಕಣೆ. ಪಾಪ, ಆ ಮೀನಾ ತಲೇನೇ ಎತ್ತಲಿಲ್ಲ."

"ವಿಷಯ ಬದಲಾಯಿಸ್ಬುಡು."

"ಬದಲಾಯಿಸಿದ್ರೆ ಯಾಕೆ ಅಂತ ಎಲ್ರಿಗೂ ಗೊತ್ತಾಯ್ತದೆ. ಇರು, ಏನಾರ ಮಾಡ್ತೀನಿ. ನೀನು ಬಾಯಿ ಮುಚ್ಕಂಡಿರು."

ಏನು ಮಾಡಿದಳೋ, ಹೇಳಲೇ ಇಲ್ಲ. ಶಿವಲಕ್ಷ್ಮಮ್ಮ ಕೇಳಿದಾಗಲೆಲ್ಲ, "ನೋಡ್ತಿರು," ಅಂತ ಕಣ್ಣು ಮಿಟುಕಿಸುತ್ತಿದ್ದಳು.

*

ಎರಡು ಆಟೋಗಳು ಶಾಮಿಯಾನದ ಮುಂದೆ ನಿಂತಾಗ ಹಾಡುತ್ತಿದ್ದವರ ಬಾಯಿ ಕಟ್ಟಿತು. ಹಸಿರು, ಅರಿಶಿನ, ಕಡುನೀಲಿ. ಜರಿ ಫಳಫಳ ಅನ್ನುವ ಸೀರೆಗಳಲ್ಲಿ ಕಲ್ಯಾಣದುರ್ಗದ ಹೆಂಗಸರು ಒಬ್ಬೊಬ್ಬರೇ ತಲೆ ತಗ್ಗಿಸಿ ಇಳಿದರು. ಬಿಳಿ ಬಟ್ಟೆಯವರ ನಡುವೆ ಎಲ್ಲಿ ನಿಲ್ಲಬೇಕೋ ಅವರಿಗೆ ತಿಳಿಯಲಿಲ್ಲ.

"ಪೆನುಕೊಂಡದಾಗೆ ಫೋನ್ ಬಂತಮ್ಮ," ಒಬ್ಬಳು ಸೆರಗು ಹೊದ್ದು ಅಳತೊಡಗಿದಳು. "ಬಸ್ಸಲ್ಲಿ ಬಟ್ಟೆ ಎಲ್ಲಿ ಬದಲಾಯಿಸಾಣ?"

"ಮದ್ವೆ ಮನೆ ಅಂದ್ಕಂಡ್ರೇನೋ," ಬೀದಿಯ ಕಡೆಯಿಂದ ಯಾರೋ ಅಂದರು. ರಾಜೇಶ ತಿರುಗಿ ದುರುಗುಟ್ಟಿದ.

ಅವರ ಹಿಂದೆ ಸಾದಾ ಸೀರೆಯಲ್ಲಿ, ಬಟ್ಟೆಯ ಚೀಲವನ್ನು ಎದೆಗೆ ಒತ್ತಿಕೊಂಡು ಅನಿತಾ ಇಳಿದಳು. ಗಂಗುಲಮ್ಮನ ಸೀರೆಯಲ್ಲೇ ಮದುವೆಯಾಗಿ ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋದವಳು. ಅಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾಳೆ. ಒಳಗೆ ಬಂದು ಐಸ್ ಪೆಟ್ಟಿಗೆಯ ಗಾಜಿನ ಮೇಲೆ ಅಂಗೈ ಇಟ್ಟಳು.

"ಶಿವಲಕ್ಷ್ಮಮ್ಮಾ, ಸೀರೆ ನನ್ನತ್ರ ಅದೆ."

ಹರಿತಾ ಧಾವಿಸಿ ಬಂದಳು. "ಕೊಡಕ್ಕ, ಬೇಗ ಕೊಡು. ಉಡಿಸ್ಬೇಕು."

ಅನಿತಾ ಚೀಲ ಕೊಡಲಿಲ್ಲ. ನೆಲಕ್ಕೆ ಕೂತು, ಅದರ ಬಾಯಿ ಬಿಚ್ಚಿ, ಸುರಿದಳು. ಅಂಗೈಯಗಲದ ರೇಷ್ಮೆ ಪಟ್ಟಿಗಳು. ಪ್ರತಿಯೊಂದರ ಅಂಚನ್ನೂ ಮಡಚಿ ಹೊಲಿದಿತ್ತು. ಪ್ರತಿಯೊಂದರ ತುದಿಯಲ್ಲೂ ಒಂದೋ ಎರಡೋ ಹಂಸ.

"ಕತ್ತರಿಸ್ಬುಟ್ಯಾ?" ಹರಿತಾಳ ದನಿ ಬಿರಿಯಿತು.

"ನಿಮ್ಮತ್ತೇನೇ ಅಂಗಡೀಗೆ ಬಂದು ಎದುರ್ಗೆ ಕೂತು ಕತ್ತರಿಸಿದ್ರಮ್ಮ. ನಂಗೆ ಕತ್ತರಿಸಕ್ಕೆ ಮನ್ಸಾಗ್ಲಿಲ್ಲ, ಕತ್ರಿ ಅವ್ರೇ ತಗಂಡ್ರು. ಉಟ್ಟೋರೆಲ್ಲ ಒಂದೊಂದು ಭುಜಕ್ಕೆ ಸಿಕ್ಕಿಸ್ಕಳ್ಳಿ, ಆಗ ಎಲ್ರೂ ಮದ್ವೆ ಸೀರೇಲೇ ಬಂದಂಗಾಯ್ತದೆ ಅಂದ್ರು. ಕೂಟದ ತನಕ ಯಾರ್ಗೂ ಹೇಳಂಗಿಲ್ಲ. ಮನೇಲಿ ಕೇಳಿದ್ರೆ ಶಿವಲಕ್ಷ್ಮಿ ಹೆಸ್ರು ಹೇಳ್ತೀನಿ, ಅವ್ಳಾದ್ರೆ ಬೇಜಾರ್ ಮಾಡ್ಕಳಲ್ಲ ಅಂದ್ರು."

ಶಿವಲಕ್ಷ್ಮಮ್ಮ ಗಾಜಿನ ಕಡೆ ನೋಡಿದಳು. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ನಿನ್ನ..." ಅಂದಳು.

ಗಂಗುಲಮ್ಮನಿಗೆ ಬಿಳಿ ಸೀರೆಯನ್ನೇ ಉಡಿಸಿ ಶವಪೆಟ್ಟಿಗೆಗೆ ಇಳಿಸಿದರು. ಮೀನಾ ಮೊದಲು ಬಂದು ಒಂದು ಪಟ್ಟಿ ಎತ್ತಿ ಭುಜಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಪರಿಗಿಯ ಹುಡುಗಿ, ಆಮೇಲೆ ಮುದುಕಿಯರು. ಇಷ್ಟು ಜನವೇ ಅಂತ ಅವರಿಗೇ ಆಶ್ಚರ್ಯ. ಬಳೆಗೆ, ತಾಳಿಗೆ ಸಿಕ್ಕಿಸಿದ್ದ ಪಿನ್ನುಗಳು ಕೈಯಿಂದ ಕೈಗೆ ಹೋದವು. ಜರಿ ಸೀರೆಯವರು ಗೋಡೆಗೆ ಸರಿದು ನಿಂತು, ಆ ಪಟ್ಟಿಗಳನ್ನೇ ನೋಡುತ್ತಿದ್ದರು.

ಕೊನೆಗೆ ನೆಲದ ಮೇಲೆ ಒಂದು ತುಂಡು ಉಳಿಯಿತು. ತಪ್ಪು ಹಂಸದ್ದು.

"ಇದು ಯಾರಿಗೆ?" ಶಿವಲಕ್ಷ್ಮಮ್ಮ ಕೇಳಿದಳು.

"ಬೇರೆ ಇಡು ಅಂದ್ರು. ಯಾರಿಗೆ ಅಂದೆ. ಕೂಟದ ದಿನ ನಾನೇ ಕೊಡ್ತೀನಿ ಅಂದ್ರು," ಅಂದಳು ಅನಿತಾ.

ಶಿವಲಕ್ಷ್ಮಮ್ಮ ಅದನ್ನು ಎತ್ತಿ ಹರಿತಾಳ ಕೈಗೆ ಇಟ್ಟಳು.

"ನಾನು ಇದ್ನ ಉಟ್ಟಿಲ್ಲ ಚಿಕ್ಕತ್ತೆ. ಎಲ್ರಿಗೂ ಕೊಟ್ರು. ನಂಗೆ ಮಾತ್ರ ಅಂಗಡಿಯಿಂದ ಹೊಸದು ತಂದ್ರು."

"ಗೊತ್ತು ಕಣಮ್ಮ. ಇಟ್ಕೊ."

ಹರಿತಾ ಆ ತುಂಡನ್ನು ತನ್ನ ಭುಜಕ್ಕೆ ಹಿಡಿದು ನೋಡಿದಳು. ತೆಗೆದಳು. ಮತ್ತೆ ಹಿಡಿದಳು. ಸಂಜೀವಪ್ಪನವರು ಕೈಗಡಿಯಾರ ನೋಡಿದರು. ಆಮೇಲೆ ಅವಳು ಬಳೆಯಿಂದ ಪಿನ್ನು ಬಿಚ್ಚಿ, ಬಗ್ಗಿ, ಅತ್ತೆಯ ಭುಜದ ಬಿಳಿ ಸೀರೆಗೆ ಆ ತುಂಡನ್ನು ಸಿಕ್ಕಿಸಿದಳು. ನೆರಿಗೆ ಸರಿಮಾಡುವ ಹಳೇ ಅಭ್ಯಾಸಕ್ಕೆ ಶಿವಲಕ್ಷ್ಮಮ್ಮನ ಕೈ ತಾನಾಗಿ ಮುಂದೆ ಹೋಗಿ ಅದನ್ನು ಒಳಕ್ಕೆ ಮಡಚಲು ಹೊರಟಿತು. ಹರಿತಾ ಆ ಕೈ ಹಿಡಿದುಕೊಂಡಳು.

ರಾಜೇಶ ಮುಚ್ಚಳ ತಂದ. ಗಂಗುಲಮ್ಮನ ಮುಖ ಮೇಲಕ್ಕೆ ಇತ್ತು. ಹಂಸ ಮಾತ್ರ ಅವಳ ಭುಜದ ಮೇಲಿಂದ ಕತ್ತು ತಿರುಗಿಸಿ, ಬಾಗಿಲಲ್ಲಿ ಗುಂಪಾಗಿ ನಿಂತ ಹೆಂಗಸರ ಕಡೆಗೆ ನೋಡುತ್ತಿತ್ತು.