ಸೂಜಿಯಡಿಯ ಚಿಂದಿ

ಕೆಲಸಕ್ಕೆ ಸೇರಿ ಹನ್ನೊಂದು ದಿನವಾಗಿತ್ತಷ್ಟೇ, ಆಗಲೇ ಹೊಲಿಗೆ ಕಾರ್ಖಾನೆಯಲ್ಲಿ ಮುಷ್ಕರ. ಹೊಸಬಳಿಗೆ ಕೈಕಾಲೇ ಆಡಲಿಲ್ಲ.

"ನಿಂದಿನ್ನೂ ಕಾಯಂ ಆಗಿಲ್ಲ. ಸುಮ್ನೆ ಕೂತು ಹೊಲಿ, ಯಾರೂ ಏನೂ ಅನ್ನಲ್ಲ," ಎಂದಳು ಪಕ್ಕದ ಮಿಷಿನ್ನಿನ ಕಾಲರ್ ಅಕ್ಕ. ಇಪ್ಪತ್ತು ವರ್ಷ ಬರೀ ಕಾಲರ್ ಹೊಲಿದೇ ಬಂದ ಹೆಸರದು.

ಹೊರಗೆ ಘೋಷಣೆ ಮುಗಿಲು ಮುಟ್ಟಿದ್ದರೂ ಅಕ್ಕ ಆತುರಪಡಲಿಲ್ಲ. ಮಿಷಿನ್ ಒರೆಸಿ, ಎಣ್ಣೆ ಬಿಟ್ಟು, ಜಿನುಗುವ ಎಣ್ಣೆ ಹೀರಲೆಂದು ಸೂಜಿಯಡಿ ಚಿಂದಿಯೊಂದನ್ನು ಸಿಕ್ಕಿಸಿ, ಮುಸುಕು ಹಾಕಿಯೇ ಎದ್ದಳು. ಮಾಲೀಕರ ಮೇಲೆ ಕೆಂಡ ಕಾರುವವಳು ಅವರ ಮಿಷಿನ್ನನ್ನು ಹೀಗೆ ನೋಡಿಕೊಳ್ಳುವುದೇ! ಹೊಸಬಳು ಬೆರಗಾದಳು. ಇಂಥವಳು ಬೀದಿಗಿಳಿಯುತ್ತಾಳೆಂದರೆ ಅದು ಸುಮ್ಮಸುಮ್ಮನೆ ಅಲ್ಲ.

ಸ್ವಲ್ಪ ಹೊತ್ತಿಗೆ ಹೊಸಬಳೂ ಗೇಟಿನಾಚೆ ಬಂದು ನಿಂತಾಗ ಅಕ್ಕ ಗದರಿದಳು: "ಬೇಡ ಅಂದ್ರೂ ಬಂದ್ಯಾ, ಹುಚ್ಚಿ?"

"ಚಿಂದಿ ಇಟ್ಟೇ ಬಂದಿದ್ದೀನಿ, ಅಕ್ಕಾ."

ಅಕ್ಕ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.